ಸೂಜಿ ಕಾಯುವ ಕೆಲಸ

ಕಕ್ಕಬ್ಬೆಯಿಂದ ಮೇಲೆ, ಜೀಪು ನಿಲ್ಲುವಲ್ಲಿಂದ ಇನ್ನೂ ಮೇಲೆ
ತೊರೆಗೆ ಅಡ್ಡ ಒಂದು ಕಬ್ಬಿಣದ ಚಕ್ರ.
ಅದರ ಕರೆಂಟು ಹನ್ನೊಂದು ಮನೆಗೆ.
ಹನ್ನೊಂದು ಮನೆಯ ಜವಾಬ್ದಾರಿ ಒಬ್ಬನ ಬಲಗೈಗೆ.

ಕುಡಿಯರ ಬೆಳ್ಯಪ್ಪ ತಗಡಿನ ಗೂಡಿನಲ್ಲಿ ಕೂತು
ವೋಲ್ಟ್ ಮೀಟರಿನ ಸೂಜಿ ನೋಡುತ್ತಾನೆ.
ಇನ್ನೂರ ಮೂವತ್ತರಲ್ಲಿ ನಿಂತರೆ ಬೀಡಿ,
ಏರಿದರೆ ತಿರುಪು.
ಊರು ಮಲಗಿದ್ದು ನೀರಿಗೇನು ಗೊತ್ತು?
ಅದು ಹಗಲಿನಷ್ಟೇ ಬೀಳುತ್ತದೆ.
ಯಾರಿಗೂ ಬೇಡದ ಕರೆಂಟನ್ನು
ಡ್ರಮ್ಮಿನ ನೀರಲ್ಲಿ ಮುಳುಗಿದ ಕಾಯಿಲ್ಲಿಗೆ ಅಟ್ಟಬೇಕು.
ಎಷ್ಟು ಅಟ್ಟುವುದು? ಅದೇ ತಿರುಪು, ಅದೇ ಮಣಿಕಟ್ಟು.
ಬೆಳಗ್ಗೆ ಆ ಬಿಸಿನೀರಲ್ಲಿ ಮೂರು ಮನೆಯ ಮಕ್ಕಳ ಸ್ನಾನ.

"ಆರು ವೋಲ್ಟು ಹಾರಿತಾ, ಚಿಣ್ಣಪ್ಪನ ಟಿವಿ ಆಫ್.
ಎರಡೇ ಎರಡಾ, ಅಕ್ಕಮ್ಮನ ಅಡಿಗೆಮನೆ.
ರಾತ್ರಿ ಮೂರಕ್ಕೆ ಚೂರು ಇಳಿದರೆ
ಕೊನೇ ಮನೆ. ಕೂಸು ಎದ್ದಿದೆ, ಹಾಲು ಕೊಡ್ತಿದ್ದಾಳೆ."
ಹೇಳಿದವನೇ ಬೇರೆ ಕಡೆ ನೋಡಿದ,
ಯಾರದೋ ಕಿಟಕಿಯಲ್ಲಿ ಇಣುಕಿ ಸಿಕ್ಕಿಬಿದ್ದವನ ಹಾಗೆ.

ಹೋದ ಹುತ್ತರಿಯ ಮರುದಿನ ಒಮ್ಮೆ ಕಣ್ಣು ಹತ್ತಿತಂತೆ:
ಒಂಬತ್ತು ಬಲ್ಬು, ಒಂದು ಮಿಕ್ಸಿ.
ಅದಕ್ಕೇ ನಾಪೋಕ್ಲುವಿನ ರಿಪೇರಿ ಅಂಗಡಿಯಿಂದ
ನನ್ನನ್ನು ಕರೆಸಿದ್ದು.

ಫಿಲ್ಮ್ ರೋಲಿನ ಖಾಲಿ ಡಬ್ಬಿಯೊಳಗೆ ಪುಟ್ಟ ಬಲ್ಬೊಂದನ್ನು ಕೂರಿಸಿ
ಅದರ ಮುಖಕ್ಕೆ ಮುಖ ಕೊಟ್ಟು,
ಬೆಳಕು ಕಂಡರೆ ಮೆತ್ತಗಾಗುವ ರೆಸಿಸ್ಟರ್ ಇಟ್ಟೆ.
ಸುತ್ತ ಕಪ್ಪು ಟೇಪು. ಹೊರಗಿನ ಹಗಲು ಅವಕ್ಕೆ ಬೇಡ.
ವೋಲ್ಟು ಏರಿದರೆ ಬಲ್ಬು ಬೆಳಗುತ್ತದೆ, ಬೆಳಗಿದಷ್ಟೂ ಅದು ಸೋಲುತ್ತದೆ,
ಸೋತ ಸುದ್ದಿ ಮುಟ್ಟಿದೊಡನೆ
ಗುಜರಿ ಜೀಪಿನ ವೈಪರ್ ಮೋಟಾರು,
ಎಷ್ಟೋ ಮಳೆಗಾಲ ಗಾಜು ಒರೆಸಿ ಬೇಸತ್ತದ್ದು,
ಎದ್ದು ಬೆಳ್ಯಪ್ಪನ ತಿರುಪನ್ನು ತಿರುಗಿಸಬೇಕು.

ತಿರುಗಿಸಿತು. ಅತಿಯಾಗಿ ತಿರುಗಿಸಿತು.
ಸೂಜಿ ಕುಸಿಯಿತು, ಮೋಟಾರು ಹಿಂದಕ್ಕೋಡಿತು,
ಸೂಜಿ ಹಾರಿತು, ಮೋಟಾರು ಮುಂದಕ್ಕೆ, ಮತ್ತೆ ಹಿಂದಕ್ಕೆ;
ಹನ್ನೊಂದು ಮನೆಯ ದೀಪ ಒಟ್ಟಿಗೇ ಏದುಸಿರು ಬಿಟ್ಟವು.
ಕೆಳಗಿಂದ ಯಾರೋ ಕೂಗಿದರು:
"ಬೆಳ್ಯಪ್ಪಾ, ಇವತ್ತು ಜಾಸ್ತಿ ಆಯ್ತಾ?"

"ಸುಹರಾ," ಅಂದ, "ನಿಂದು ಸೂಜಿ ಹಿಂದೆ ಓಡುತ್ತೆ.
ನಾನು ಓಡಲ್ಲ. ಏರಲಿ ಅಂತ ಬಿಡ್ತೀನಿ,
ಒಂದು ದಮ್ಮು ಎಳೆದು ಬಿಡುವಷ್ಟು ಹೊತ್ತು ತಡೀತೀನಿ,
ಆಮೇಲೆ ಬೇಕಾದ್ದರ ಅರ್ಧ.
ಉಳಿದರ್ಧ ಅದಾಗೇ ಬರುತ್ತೆ. ಬರದಿದ್ದರೆ ನೋಡೋಣ."

ಪಾಠದ ಪುಸ್ತಕದಲ್ಲಿ ಅದಕ್ಕೆ ಪ್ರತಿರೋಧ ಅಂತ ಹೆಸರು,
ಯಾರೋ ಯಾರಿಗೋ ಎದುರು ನಿಂತ ಹಾಗೆ.
ಇವನ ಬಾಯಲ್ಲಿ ಬರೀ ತಡೆ.
ತಡೆ ಎಂದರೆ ಅಡ್ಡ. ತಡಿ ಎಂದರೆ ತುಸು ನಿಲ್ಲು.
ತಡಕೋ ಎಂದರೆ, ನುಂಗು.
ಸೋಲ್ಡರಿಂಗ್ ಕಡ್ಡಿ ಕೈಯಲ್ಲೇ ತಣ್ಣಗಾಗುವವರೆಗೆ ಕೂತೆ.

ಆಮೇಲೆ ದಪ್ಪ ಕೆಪಾಸಿಟರ್ ಒಂದನ್ನು ಸೇರಿಸಿದೆ,
ತಡವಾದರೆ ಆಗಲಿ ಎಂದು.
ಸೂಜಿಯ ಆಚೀಚೆ ನಾಲ್ಕು ವೋಲ್ಟಿನ ಅಂಗಳ ಬಿಟ್ಟೆ,
ಅಲ್ಲಿ ಅದು ಆಡಿಕೊಳ್ಳಲಿ, ಗದರಬೇಡ ಎಂದು.
ಮೋಟಾರು ಈಗ ಎದ್ದರೆ ಎದ್ದಿತು.
ಚಿಣ್ಣಪ್ಪನ ಟಿವಿ ಆರಿದಾಗ ಒಮ್ಮೆ ಗುರ್ ಎಂದು
ಅರ್ಧ ತಿರುಗಿಸಿ, ಕಾದು, ಇನ್ನೊಂಚೂರು ತಿರುಗಿಸಿ ಸುಮ್ಮನಾಯಿತು.
ಬೆಳ್ಯಪ್ಪ ನಕ್ಕ. "ಕಳ್ಳ," ಅಂದ,
ಯಾರಿಗೆ ಅಂದನೋ.

ಆ ರಾತ್ರಿ ಅವನಿಗೆ ಕೆಲಸವಿಲ್ಲ.
ಆದರೂ ಗೂಡಿನಲ್ಲೇ ಚಾಪೆ ಹಾಸಿದ.
ನಾನು ಬೆಂಚಿನ ಮೇಲೆ, ಜ್ಯಾಕೆಟ್ಟು ಹೊದ್ದು.
ಮೂರರ ಸುಮಾರಿಗೆ ಚಕ್ರದ ದನಿ
ಕೂದಲೆಳೆಯಷ್ಟು ದಪ್ಪಗಾಯಿತು.
ಸೂಜಿ ಒಂದೇ ಒಂದು ವೋಲ್ಟು ಇಳಿದಿತ್ತು.
ಮೋಟಾರು ಕದಲಲಿಲ್ಲ;
ಅದು ನಾನು ಬಿಟ್ಟ ಅಂಗಳದೊಳಗಿನ ವಿಷಯ.

ಕಣ್ಣು ಮುಚ್ಚಿದ್ದ ಬೆಳ್ಯಪ್ಪನ ಬಲ ಮಣಿಕಟ್ಟು
ಕಂಬಳಿಯ ಮೇಲೆ ಒಂಚೂರು ತಿರುಗಿ,
ತಡೆದು,
ಇನ್ನೊಂಚೂರು ತಿರುಗಿತು.