ಮೂರನೇ ಸಾಲಿನ ಎರಡನೆಯದು

ಎಸ್.ಪಿ. ರೋಡಿನ ಒಳಗಲ್ಲಿ, ಕಡಿದಾದ ಮೆಟ್ಟಿಲು, ಮೊದಲ ಮಹಡಿ.
ಕೆಳಗೆ ಹಳೇ ವೈರು ತೂಗಿ ಮಾರುತ್ತಾರೆ
ಹುಣಸೆಹಣ್ಣಿನಂತೆ, ಕೆ.ಜಿ. ಲೆಕ್ಕ.
ಮೇಲೆ ಗಾಜಿನ ಪೆಟ್ಟಿಗೆಯೊಳಗೆ
ಎಂಟು ತಿಂಗಳ ನನ್ನ ರಾತ್ರಿಪಾಳಿ ಭತ್ಯೆಗೆ
ನಿಲುಕುವಂಥವು ಮೂರು.

ಒಂದಕ್ಕೆ ಹದಿನಾರು ಚೌಕ, ಮೈತುಂಬ ದೀಪ,
ಮುಟ್ಟಿದರೆ ನೇರಳೆ, ಬಿಟ್ಟರೆ ಹಸಿರು.
ಒಂದಕ್ಕೆ ಎಂಟೇ. ಊಟದ ಡಬ್ಬಿಯ ಪಕ್ಕ ಹಿಡಿಸುತ್ತದೆ.
ಮೂರನೆಯದು ಯಾರೋ ಬಳಸಿ ಬಿಟ್ಟದ್ದು,
ಬೆನ್ನ ಮೇಲೆ ಅರ್ಧ ಕಿತ್ತ ಸ್ಟಿಕ್ಕರು,
ಎಡ ಕೆಳತುದಿಯ ಪ್ಯಾಡು ಮಾತ್ರ ಸವೆದು ನುಣುಪು.
ಅವನು, ಅಥವಾ ಅವಳು, ಅಲ್ಲಿ ಕಿಕ್ ಇಟ್ಟುಕೊಂಡಿದ್ದಿರಬೇಕು.

"ಮಗನಿಗಾ ಮೇಡಂ?" ಎಂದರು ಜೇಠ್‌ಮಲ್‌ಜಿ.
ನನಗೆ, ಎಂದೆ.
ಒಮ್ಮೆ ನನ್ನ ನರೆಗೂದಲು ನೋಡಿ
ಒಮ್ಮೆ ಕೈಚೀಲದ ಕರಿಬೇವು ನೋಡಿ
"ಹಾಗಾದರೆ ದೀಪದ್ದೇ ತಗೊಳ್ಳಿ" ಎಂದರು, ಯಾಕೋ.

ವೆಲಾಸಿಟಿ, ಆಫ್ಟರ್‌ಟಚ್ಚು, ನೋಟ್ ರಿಪೀಟು—
ಹುಡುಗ ಮುಬೀನ್ ಒಪ್ಪಿಸಿದ, ಹದಿಮೂರರ ಮಗ್ಗಿಯ ಹಾಗೆ.
ಅಂಗಡಿಯ ಮುದಿ ಕಂಪ್ಯೂಟರಿಗೆ ಸಿಕ್ಕಿಸಿ
"ತಟ್ಟಿ ನೋಡಿ ಆಂಟಿ" ಎಂದ.
ಕೈ ಎತ್ತಿದೆ. ಕರೆಂಟು ಹೋಯಿತು.

ಇಡೀ ಗಲ್ಲಿ ಒಮ್ಮೆ "ಹೋ" ಎಂದು ಸುಮ್ಮನಾಯಿತು.
ಕೆಳಗೆ ಜನರೇಟರು ಕೆಮ್ಮಿತು, ಹತ್ತಲಿಲ್ಲ.
"ಹತ್ತೇ ನಿಮಿಷ, ಕೂತ್ಕೊಳ್ಳಿ."
ಈ ಊರಲ್ಲಿ ಹತ್ತು ನಿಮಿಷ ಎಷ್ಟುದ್ದವೆಂದು ಬಲ್ಲೆ. ಕೂತೆ.
ತೊಡೆಯ ಮೇಲೆ ಒಂದೊಂದಾಗಿ ಸತ್ತ ರಬ್ಬರು,
ದೀಪವಿಲ್ಲ, ಸದ್ದಿಲ್ಲ, ಕಂಪನಿಯ ಹೆಸರೂ ಕಾಣದು.

ಆಗ ಹೊಳೆಯಿತು: ಈ ಕೆಲಸ ನನಗೆ ಬರುತ್ತದೆ.

ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ರಕ್ತ ತೆಗೆದವಳು ನಾನು.
ಕಣ್ಣಿಗೆ ಕಾಣುವ ನರವನ್ನು ನಂಬಬಾರದು,
ನೀಲಿಯಾಗಿ ಉಬ್ಬಿ ಕರೆಯುತ್ತದೆ, ಸೂಜಿ ಬಂದರೆ ಜಾರುತ್ತದೆ.
ಒತ್ತಿದ ಬೆರಳನ್ನು ಮೆಲ್ಲಗೆ ವಾಪಸು ತಳ್ಳುವುದೊಂದು
ಒಳಗಿರುತ್ತದೆ. ಅದು.
ಇಟ್ಟಿಗೆ ಹೊತ್ತ ತೋಳಲ್ಲಿ, ಮೂರು ದಿನದ ಕೂಸಿನ ಮುಂಗೈಯಲ್ಲಿ,
ಬೆಳಗಿನ ನಾಲ್ಕಕ್ಕೆ, ಟ್ಯೂಬ್‌ಲೈಟು ಮಿಣುಕುವಾಗ
ಹುಡುಕಿದ್ದೇನೆ,
"ಸಿಕ್ತಾ ಸಿಸ್ಟರ್?" ಎಂಬ ಉಸಿರು ಕತ್ತಿನ ಮೇಲೆ.
(ನಾನು ಸಿಸ್ಟರ್ ಅಲ್ಲ. ಹೇಳುವುದು ಬಿಟ್ಟು ವರ್ಷಗಳಾದವು.)

ದೀಪದ್ದನ್ನು ಒತ್ತಿದೆ: ಸ್ಲೇಟು. ಬಳಪವಿದ್ದರೆ ಬರೆಯಬಹುದು.
ಎಂಟರದ್ದನ್ನು ಒತ್ತಿದೆ: ಎಲ್ಲಕ್ಕೂ ಹ್ಞೂಂ ಅನ್ನುವ ಹೊಸ ಅಳಿಯ,
ಮೆಲ್ಲಗೆ ಕೇಳಿದರೂ ಗದರಿದರೂ ಅದೇ ಮುಖ.
ಹಳೆಯದರ ಮೇಲೆ ತೋರುಬೆರಳಿಟ್ಟು
ಸಾಲುಸಾಲಾಗಿ ಇಳಿದೆ.
ಮೂರನೇ ಸಾಲಿನ ಎರಡನೆಯದು
ತಳ್ಳಿತು.

ಸವೆದ ಮೂಲೆ ಮಾತ್ರ ಕುಸಿದಿತ್ತು,
ಡಯಾಲಿಸಿಸ್ಸಿನ ತೋಳಿನಂತೆ.
ಅಂಥ ತೋಳು ಕಂಡರೆ
"ಇನ್ನೊಂದು ಕೈ ಕೊಡಿ" ಎನ್ನುತ್ತೇವೆ, ಅಷ್ಟೇ.

"ಇದು" ಎಂದೆ.
"ಯಾವುದು?" ಎಂದ ಕತ್ತಲಲ್ಲಿ ಮುಬೀನ್.
ಜೇಠ್‌ಮಲ್‌ಜಿ ಇನ್ನೂರು ಬಿಟ್ಟು
ಕೇಬಲ್ಲಿಗೆ ಮುನ್ನೂರು ಹಾಕಿದರು.
ಮೆಟ್ಟಿಲಿಳಿಯುವಾಗ ಕರೆಂಟು ಬಂತು; ಬೆನ್ನ ಹಿಂದೆ
ನೇರಳೆ, ಹಸಿರು. ತಿರುಗಲಿಲ್ಲ.

ಈಗ ಚಾಮರಾಜಪೇಟೆಯ ಒಂದೂವರೆ ರೂಮಿನಲ್ಲಿ
ಹೆಡ್‌ಫೋನು ಹಾಕಿಕೊಂಡು ಕೂರುತ್ತೇನೆ.
ಸೆಂಟ್ರಿಫ್ಯೂಜು ನಿಲ್ಲುವಾಗಿನ ನಿಟ್ಟುಸಿರು ಒಂದು ಪ್ಯಾಡಿಗೆ,
ಟ್ರಾಲಿಯ ಕೆಟ್ಟ ಗಾಲಿ ಒಂದಕ್ಕೆ,
ಫೋನಿನಲ್ಲಿ ಕದ್ದು ಹಿಡಿದವು ಎಲ್ಲ;
ನಳಿಕೆಗೆ ನಳಿಕೆ ತಾಕುವ ಕಿಣಿ
ಮೂರನೇ ಸಾಲಿನ ಎರಡನೆಯದಕ್ಕೆ.
ಕುಸಿದ ಮೂಲೆಗೆ ಏನೂ ಹಾಕಿಲ್ಲ.
ಬೆರಳು ಆಗಾಗ ತಾನೇ ಅಲ್ಲಿಗೆ ಹೋಗಿ ಬರುತ್ತದೆ.

ಬೆಳಿಗ್ಗೆ ನಲ್ಲಿಯ ಹತ್ತಿರ ಕೆಳಮನೆಯ ಪಂಕಜಾಕ್ಷಿ:
"ರಾತ್ರಿಯೆಲ್ಲ ಏನ್ರೀ ಕುಟ್ತೀರ? ಮೆಣಸಾ?"
ನನ್ನ ಇಡೀ ಹಾಡಿನಲ್ಲಿ ಅವರಿಗೆ ಕೇಳಿದ್ದು
ರಬ್ಬರೊಂದೇ.
ಹ್ಞೂಂ, ಮೆಣಸು, ಎಂದೆ.
"ಸಾರಿಗೆ ಒಂಚೂರು ಕೊಡಿ ಹಾಗಾದ್ರೆ, ಸಂಜೆ."

ಬರುವಾಗ ಕಾಲು ಕೆ.ಜಿ. ತರಬೇಕು. ಕುಟ್ಟಲೂ ಬೇಕು.