ಎರಡನೆಯ ಕೀಲಿಕೈ

ವಾಸ್ಕೋ ಠಾಣೆಯ ಕಿಟಕಿ ಕಂಬಿಗಳ ಮೇಲೆ
ಬಂದರಿನ ಕಲ್ಲಿದ್ದಲ ಪುಡಿ.
ಬೆರಳಲ್ಲಿ ಗೆರೆ ಎಳೆದೆ, ಅವ್ವ ಕೈಗೆ ಹೊಡೆದಳು.
ನಾನಾಗ ಏಳನೆಯ ಇಯತ್ತೆ.
ಕೊಂಕಣಿ ಬರುವ ಬಾಯಿ ಮನೆಯಲ್ಲಿ ನನ್ನದೊಂದೇ.

ಏನು ಹೋಯಿತು ಎಂದರು ಹವಾಲ್ದಾರರು,
ಚಹದ ಬಸಿಯಿಂದ ಕಣ್ಣೆತ್ತದೆ.
ಅವ್ವ ಸುರು ಮಾಡಿದ್ದು ಶಿರಹಟ್ಟಿಯಿಂದ.
ಅವಳವ್ವ ಕಾಲ್ಗಡಗ ಮಾಡಿಸಿದ್ದು, ಅದಕ್ಕೆ ಎಮ್ಮೆ ಮಾರಿದ್ದು,
ಆ ಎಮ್ಮೆ ಎರಡು ದಿನ ನಡೆದು ವಾಪಸು ಬಂದದ್ದು,
ಟ್ರಂಕಿಗೆ ಹಸಿರು ಬಣ್ಣ ಬಳಿದವನ ಹೆಸರು,
ಸ್ಲ್ಯಾಬು ಹಾಕಿದ ದಿನ ಜ್ವರದಲ್ಲೇ ಬುಟ್ಟಿ ಹೊತ್ತದ್ದು.
ನಾನು ಅಂದೆ:
ಬೆಳ್ಳಿ ಕಡಗ ಒಂದು ಜೊತೆ, ರೂಪಾಯಿ ಎಂಟು ಸಾವಿರದ ಇನ್ನೂರು.
'ಅಷ್ಟ ಏನ ನಾ ಹೇಳಿದ್ದು?'

ಅವರು ಬರೆದರು, ಲಾಸ್ಟ್.
ಇಂಗ್ಲಿಷಿನ ನಾಲ್ಕೇ ಅಕ್ಷರ.
ಮಾಸ್ತರರ ಮೇಜಿನೆದುರು ನಿಂತು ನಿಂತು
ತಲೆಕೆಳಗಾದ ಬರಹ ಓದಲು ಬರುತ್ತಿತ್ತು ನನಗೆ.
ಕಳೆದದ್ದಲ್ಲ ಸಾಹೇಬರೆ, ಕಳವು ಅಂದೆ.
ಶೆಡ್ಡಿನ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು,
ಟ್ರಂಕಿನ ಕೊಂಡಿ ಮಾತ್ರ ಮುರಿದಿತ್ತು.
ಕಳೆದದ್ದಾದರೆ ಒಂದು ಚೀಟಿ ಸಾಕು ಅವರಿಗೆ.
ಕಳವಾದರೆ ಯಾರಾದರೂ ಎದ್ದು ಹುಡುಕಬೇಕು.

'ಯಾರ ಮೇಲೆ ಸಂಶಯ?'
ಅವ್ವನಿಗೆ ಕೇಳಿದೆ. ಅವಳು ನೆಲ ನೋಡಿದಳು.
'ಯಾರ ಮ್ಯಾಲೂ ಇಲ್ಲ ಅನ್ನು.
ಕೆಲಸಾ ಕೊಟ್ಟಾವ್ರಿಗೆ ಎರಡು ಬಗೀಬಾರದು.'
ಅಷ್ಟೂ ಹೊತ್ತು ಅವಳ ಮಾತನ್ನು ಕತ್ತರಿಸಿದವಳು
ಆಗ ಸೇರಿಸಿದೆ.
ಶೆಡ್ಡಿಗೆ ಎರಡು ಕೀಲಿಕೈ. ಒಂದು ಅವ್ವನ ಸೊಂಟದಲ್ಲಿ.
ಇನ್ನೊಂದು ಶಿವಪುತ್ರ ಮುಕಾದಮನ ಹತ್ತಿರ.

ಮುಕಾದಮ.
ಆ ಒಂದು ಮಾತಿಗೆ ತರ್ಜುಮೆ ಬೇಕಿರಲಿಲ್ಲ.
ಈ ದಂಡೆಯಲ್ಲೂ ಅದೇ, ಆ ದಂಡೆಯಲ್ಲೂ ಅದೇ.
ಅವ್ವನ ಅಂಗೈ ಸೊಂಟದ ಕೀಲಿಕೈ ಮುಚ್ಚಿತು.

ಹವಾಲ್ದಾರರು ಬಸಿ ಸರಿಸಿ ಬೇರೆ ಕಾಗದ ತೆಗೆದರು,
ನಡುವೆ ಕಾರ್ಬನ್ನು. ಬಹಳ ಹೊತ್ತು ಬರೆದರು.
ಮೊದಲು ಅವ್ವನಿಗೆ ಓದಿ ಹೇಳು,
ಕೇಳದೆ ಸಹಿ ಮಾಡುವುದು ಬೇಡ ಎಂದರು.
ಬರದ ಪದಗಳನ್ನು ಅವರೇ ಬಿಡಿಸಿ ಹೇಳಿದರು.
ಓದುತ್ತ ಓದುತ್ತ ಆ ಸಾಲಿಗೆ ಬಂದೆ.
ಹಾರಿಸಬಹುದಿತ್ತು.
ಹಾರಿಸಲಿಲ್ಲ.
ಫ್ಯಾನು ನಾಲ್ಕು ಸುತ್ತು ತಿರುಗಿತು.
ಅವ್ವ ಪೆನ್ನು ಈಸಿಕೊಂಡು
ರಾತ್ರಿ ಶಾಲೆಯಲ್ಲಿ ಕಲಿತ ಒಂದೇ ಪದ ಬರೆದಳು, ಫಕೀರವ್ವ.
'ರ' ತುಸು ಕೆಳಗೆ ಜಾರಿತು.

ಒಂದು ಪ್ರತಿ ನಮಗೆ, ಪುಕ್ಕಟೆ.
ನಂಬದೆ ಹತ್ತರ ನೋಟು ಮೇಜಿನ ಮೇಲಿಟ್ಟಳು.
ಅವರು ಬೆರಳ ತುದಿಯಿಂದ ಈಚೆ ತಳ್ಳಿದರು.

ಬಸ್ಸಿನಲ್ಲಿ ಮಾತಿಲ್ಲ.
ನಾಳೆ ಆ ಶೆಡ್ಡು ನಮ್ಮದಲ್ಲ, ಇಬ್ಬರಿಗೂ ಗೊತ್ತು.
ಬೈಗುಳಕ್ಕೆ ಕಿವಿ ಕೊಟ್ಟು ಕೂತಿದ್ದೆ.
ಇಳಿಯುವ ಸ್ಟಾಪು ಬಂದಾಗ ಅಂದಳು:
'ಎಮ್ಮಿ ತಿರುಗಿ ಬಂದಿದ್ದು ಯಾಕ ಹೇಳಲಿಲ್ಲ ನೀ?
ಅದನ್ನ ಬರಸಬೇಕಿತ್ತು.'