ಎಡಗಡೆ

ಶಿಡ್ಲಘಟ್ಟದಲ್ಲಿ ಈ ಸಲ ಪುಷ್ಯದ ಚಳಿ
ದಾಸವಾಳದ ಎಡಗಡೆಯನ್ನಷ್ಟೇ ಸುಟ್ಟಿತು.
ಬಲಕ್ಕೆ ಖುರ್ಷಿದಾಳ ರೀಲಿಂಗ್ ಶೆಡ್ಡಿನ ಗೋಡೆ,
ಆಚೆ ಬಾಯ್ಲರು, ರಾತ್ರಿಯೆಲ್ಲ ಬೆಚ್ಚಗಿರುವ ಇಟ್ಟಿಗೆ.
ಅತ್ತ ವಾಲಿದ ಕೊಂಬೆಗಳು ಏನೂ ಆಗದವರ ಹಾಗೆ ಹಸಿರು.
ಇತ್ತ, ಬೀದಿಯ ಕಡೆ,
ಎಲೆಗಳು ಕುದಿಸಿ ಬಸಿದ ಸೊಪ್ಪಿನಂತೆ ಜೋತು
ಮೂರನೇ ದಿನಕ್ಕೆ ಚಹಾಪುಡಿ ಬಣ್ಣ.

ಅದೇ ವಾರ ನನ್ನ ಮುಖದ ಎಡಗಡೆಯೂ ಬಿತ್ತು.
ನಸುಕಿನ ಐದಕ್ಕೆ ಮಫ್ಲರಿಲ್ಲದೆ ಗಾಡಿ ಓಡಿಸಿ
ಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿ ಮುಂದೆ ಕೂತು
ಲಾಟ್ ನಂಬರು ಕೂಗಲು ಹೋದರೆ
ಐವತ್ತೊಂಬತ್ತು ಬಾಯಲ್ಲೇ ಮುರಿಯಿತು.
ತುಟಿ ಕೂಡದವನಿಗೆ ಪ ಇಲ್ಲ, ಬ ಇಲ್ಲ, ಮ ಇಲ್ಲ.
ಮನೆಯಲ್ಲಿರುವವಳು ಪಾಪಮ್ಮ.
ಮೂರೂ ಅಕ್ಷರ ತುಟಿಯವೇ.
"ಬರುತ್ತೆ ಹೋಗ್ರಿ, ಕಾಯಬೇಕು" ಎಂದರು ಡಾಕ್ಟರು.
ಕಾಯುವುದಕ್ಕೆ ಮಾತ್ರೆ ಬರೆಯಲಿಲ್ಲ.

ಸಿಟ್ಟಿಗೆ ಕತ್ತರಿ ಹಿಡಿದು ಗಿಡದ ಮುಂದೆ ನಿಂತೆ.
ಗೋಡೆಯ ಮೇಲಿಂದ ಖುರ್ಷಿದಾ:
"ಈಗ ಮುಟ್ಟಬೇಡಣ್ಣ. ಒಣಗಿದ್ದು ಇರಲಿ,
ಒಳಗಿನದಕ್ಕೆ ಅದೇ ಹೊದಿಕೆ.
ಕತ್ತರಿಸಿದರೆ ಅವಸರಕ್ಕೆ ಚಿಗುರುತ್ತೆ,
ಇನ್ನೊಂದು ರಾತ್ರಿ ಅದನ್ನೂ ತಿನ್ನುತ್ತೆ.
ಚಳಿ ಶಿವಶಿವಾ ಅಂತ ಹೋಗೋವರೆಗೂ ತಡಿ."
ಸಂಜೆ ನೀರು ಬೇಡ, ಬಿಸಿಲೇರಲಿ.
ಬುಡಕ್ಕೆ ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ,
ರಾತ್ರಿಗೆ ಹಳೇ ಗೋಣಿಚೀಲ.
"ಉಗುರಲ್ಲಿ ಕೆರೆದು ನೋಡು. ನನ್ನವು ಕೆಲಸಕ್ಕೆ ಬರಲ್ಲ"
ಎಂದು ಕೈ ಚಾಚಿದಳು. ಗೂಡು ಬೇಯಿಸಿ ಬೇಯಿಸಿ
ಬೆರಳು ಬಿಳುಚಿ, ಉಗುರು ನೆನೆದ ಹಪ್ಪಳ.

ಕೆರೆದೆ. ಮೊದಲ ಕೊಂಬೆ ಕಂದು. ಎರಡನೆಯದೂ ಕಂದು.
ಮೂರನೆಯದರಲ್ಲಿ, ತುದಿಯಿಂದ ಗೇಣು ಕೆಳಗೆ,
ನೆನೆಸಿದ ಹೆಸರುಕಾಳಿನ ಹಸಿರು, ಒಂದು ಗೆರೆ.
ಕೈ ತಾನಾಗಿ ಕೆನ್ನೆಗೆ ಹೋಯಿತು.
ಇಲ್ಲಿ ಕೆರೆದು ನೋಡುವುದು ಹೇಗೆ.

ಶಿವರಾತ್ರಿ ಕಳೆದ ಮೂರನೇ ದಿನ
ಎರಡು ಕೊಂಬೆ ಬುಡಕ್ಕೆ ಕತ್ತರಿಸಿದೆ.
ಖುರ್ಷಿದಾಳ ಬಾಯ್ಲರಿಗೆ ಹೋದವು,
ಆ ರಾತ್ರಿ ಇಟ್ಟಿಗೆ ಬೆಚ್ಚಗಿಡಲು.
ಮೂರನೆಯದನ್ನು ಗಿಣ್ಣು ನೋಡಿ, ಓರೆಯಾಗಿ.
ಗಿಡ ಈಗ ಒಂದು ಕಡೆ ಮಾತ್ರ ಬೋಳಿಸಿದ ತಲೆ.
ಚೆನ್ನಾಗಿಲ್ಲ.

ದಿನಾ ಬೆಳಿಗ್ಗೆ ಅದರ ಪಕ್ಕ ನಿಂತು ಬಾಯಿ ಮುಕ್ಕಳಿಸುತ್ತೇನೆ.
ನೀರು ಇನ್ನೂ ಎಡ ಮೂಲೆಯಿಂದ ಸೋರುತ್ತದೆ,
ಪಾತಿಗೇ ಬೀಳುತ್ತದೆ, ಇರಲಿ.
ಇವತ್ತು ಕೊನೆಯ ಗುಟುಕು ನಿಂತಿತು,
ಕೆನ್ನೆಯೊಳಗೆ, ಒಂದು ಕ್ಷಣ, ತುಂಬಿ.
ಬಗ್ಗಿ ನೋಡಿದರೆ
ಗಿಣ್ಣಿನಲ್ಲಿ ಅಕ್ಕಿನುಚ್ಚಿನಷ್ಟು ಕೆಂಪು.

ಒಳಗಿದ್ದವಳನ್ನು ಕರೆದೆ.
ಮೂರರಲ್ಲಿ ಒಂದಕ್ಷರ ನೆಟ್ಟಗೆ ಬಂತು.
"ಏನು?" ಎಂದಳು, ಒಗ್ಗರಣೆಯ ಸದ್ದಿನ ನಡುವೆ.